ಬಿಸಿಲ ನಾಡಿಗೆ ಹೊರಟ ಮಧುಮೇಹಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದವನು, ನಿವೃತ್ತ ಶಿಕ್ಷಕ. ಹದಿನಾರು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಏಳು ವರ್ಷಗಳಿಂದ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಮಗಳನ್ನು ಕಲಬುರಗಿಗೆ ಕೊಟ್ಟಿದ್ದೇವೆ, ಮಗ ದುಬೈಯಲ್ಲಿದ್ದಾನೆ. ಹೀಗಾಗಿ ಮಲೆನಾಡಿನ ತಂಪಿನಲ್ಲಿ ಪಳಗಿದ ಈ ದೇಹವನ್ನು ವರ್ಷಕ್ಕೊಮ್ಮೆಯಾದರೂ 40 ಡಿಗ್ರಿ ದಾಟುವ ಬಿಸಿಲಿಗೆ ಕೊಂಡೊಯ್ಯಬೇಕಾಗುತ್ತದೆ. ಬೇಸಿಗೆ ರಜೆ ಹತ್ತಿರವಾದಂತೆ ಬೆಳಗಿನ ವಾಕಿಂಗ್ ಗೆಳೆಯರೂ ನೆಂಟರೂ ಕೇಳುವ ಪ್ರಶ್ನೆಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ವೈದ್ಯನಲ್ಲ. ಔಷಧದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಮಾತು ಬಂದಲ್ಲೆಲ್ಲ ನಿಮ್ಮ ವೈದ್ಯರೊಂದಿಗೆ ಮೊದಲೇ ಮಾತಾಡಿಕೊಂಡಿರಬೇಕು ಎಂಬುದನ್ನು ಸೇರಿಸಿಯೇ ಓದಿಕೊಳ್ಳಿ.

ಶುಗರ್ ಇರುವವರು ಏಪ್ರಿಲ್, ಮೇ ತಿಂಗಳಲ್ಲಿ ಅಂಥ ಊರುಗಳಿಗೆ ಹೋಗಬಹುದೇ?

ಬಹುಪಾಲು ಜನ ಹೋಗಬಹುದು. ಆದರೆ ಇತ್ತೀಚೆಗೆ ಹೃದಯದ ತೊಂದರೆಯಾದವರು, ಮೂತ್ರಪಿಂಡ ಸೊರಗಿರುವವರು, ಕಾಲಿನಲ್ಲಿ ಮಾಯದ ಗಾಯ ಇರುವವರು ಹಾಗೂ ಕಳೆದ ಒಂದೆರಡು ತಿಂಗಳಲ್ಲಿ ಲೋ ಶುಗರ್ ಆಗಿ ಎಚ್ಚರ ತಪ್ಪಿದವರು ಟಿಕೆಟ್ ಮಾಡಿಸುವ ಮೊದಲು ವೈದ್ಯರನ್ನು ಕಾಣಬೇಕು. ಮದುವೆಯೋ ಗೃಹಪ್ರವೇಶವೋ ಆಗಿದ್ದರೆ ದಿನಾಂಕ ನಮ್ಮ ಕೈಯಲ್ಲಿರುವುದಿಲ್ಲ. ಸುಮ್ಮನೆ ಊರು ನೋಡುವ ಆಸೆಯಾಗಿದ್ದರೆ ಹಂಪಿಯೂ ವಿಜಯಪುರವೂ ಡಿಸೆಂಬರಿನಲ್ಲಿ ಅಲ್ಲೇ ಇರುತ್ತವೆ.

ಬಿಸಿಲಿಗೆ ಸಕ್ಕರೆ ಮಟ್ಟ ಏರುತ್ತದೆಯೋ, ಇಳಿಯುತ್ತದೆಯೋ?

ಎರಡೂ ಆಗುತ್ತದೆ, ತೊಡಕಿರುವುದೇ ಅಲ್ಲಿ. ಬೆವರಿ ನೀರಿನಂಶ ಕಡಿಮೆಯಾದಾಗ ರಕ್ತದಲ್ಲಿನ ಸಕ್ಕರೆ ಸಾಂದ್ರವಾಗುತ್ತದೆ. ಸಕ್ಕರೆ ಏರಿದಾಗ ಅದನ್ನು ಹೊರಹಾಕಲು ಮೂತ್ರ ಹೆಚ್ಚುತ್ತದೆ, ಮೂತ್ರ ಹೆಚ್ಚಿದಷ್ಟೂ ದೇಹ ಇನ್ನಷ್ಟು ಒಣಗುತ್ತದೆ. ಇನ್ನೊಂದು ಕಡೆ, ಸೆಕೆಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಅಲ್ಲಿ ರಕ್ತಸಂಚಾರ ಹೆಚ್ಚುವುದರಿಂದ ಹೊಟ್ಟೆಗೋ ತೊಡೆಗೋ ಚುಚ್ಚಿಕೊಂಡ ಇನ್ಸುಲಿನ್ ಎಂದಿಗಿಂತ ಬೇಗ ರಕ್ತಕ್ಕೆ ಸೇರುತ್ತದೆ. ಅದರ ಜೊತೆಗೆ ಸೆಕೆಗೆ ಊಟ ಸೇರದಿರುವುದು, ಊರು ಸುತ್ತುವಾಗಿನ ನಡಿಗೆ ಎಲ್ಲ ಕೂಡಿದರೆ ಸಕ್ಕರೆ ಥಟ್ಟನೆ ಕುಸಿಯಬಹುದು. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿನ ಸ್ನಾನ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಬೆವರು, ಕೈನಡುಕ, ಎದೆಬಡಿತ ಶುರುವಾದಾಗ ಅದು ಬಿಸಿಲೋ, ಲೋ ಶುಗರೋ, ಬರೀ ಗಾಬರಿಯೋ ಎಂದು ತಿಳಿಯುವುದು ಹೇಗೆ?

ಮೈಗೆ ಕೇಳಿ ತಿಳಿಯಲಾಗುವುದಿಲ್ಲ, ಬೆರಳಿಗೆ ಚುಚ್ಚಿ ತಿಳಿಯಬೇಕು. ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ರೈಲು ತಡವಾಗಿ ನಡುಮಧ್ಯಾಹ್ನ ಕಲಬುರಗಿಯಲ್ಲಿ ಇಳಿದೆ. ಮಗಳ ಮನೆಯ ಪಡಸಾಲೆಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು, ಕಾಲು ಸೋತಿತ್ತು, ಕಣ್ಣು ಮಂಜಾಗುತ್ತಿತ್ತು. ನನ್ನ ಬೀಗಿತಿ ದೊಡ್ಡ ಸ್ಟೀಲ್ ಲೋಟದ ತುಂಬ ನಿಂಬೆ ಶರಬತ್ತು ತಂದು "ಬಿಸಲ ಭಾಳ ಅದರೀ, ಮೊದಲ ಇದನ್ನ ಕುಡೀರಿ" ಎಂದರು. ಲೋ ಶುಗರ್ ಇರಬೇಕೆಂದು ನಾನೂ ಗಟಗಟನೆ ಅರ್ಧ ಲೋಟ ಕುಡಿದೆ. ಆಮೇಲೆ ಕೈ ತೊಳೆದು ಮೀಟರ್ ಹಿಡಿದರೆ 312 ತೋರಿಸಿತು. ಐದು ನಿಮಿಷದ ಶರಬತ್ತು ಅಷ್ಟು ಏರಿಸುವುದಿಲ್ಲ. ರೈಲಿನ ಶೌಚಾಲಯಕ್ಕೆ ಹೋಗಲು ಬೇಸರಪಟ್ಟು ಹಿಂದಿನ ರಾತ್ರಿಯಿಂದ ಸರಿಯಾಗಿ ನೀರನ್ನೇ ಕುಡಿಯದೆ ಬಂದಿದ್ದೆ. ಮರುದಿನ ಸಂಜೆ ಶರಣಬಸವೇಶ್ವರ ಗುಡಿಗೆ ನಡೆದು ಹೋಗಿ ಬಂದ ಮೇಲೆ ಮತ್ತೆ ಅದೇ ಬೆವರು, ಅದೇ ಸುಸ್ತು. ಇದು ನಿನ್ನೆಯದೇ ಬಿಸಿಲೆಂದು ಫ್ಯಾನಿನ ಕೆಳಗೆ ಕುಳಿತೆ. ಮಾತು ತೊದಲುತ್ತಿರುವುದನ್ನು ಗಮನಿಸಿದ ಮಗಳು ಹಟ ಹಿಡಿದು ಚುಚ್ಚಿ ನೋಡಿದಾಗ 58 ಇತ್ತು. ಎರಡು ದಿನವೂ ನನ್ನ ಊಹೆ ತಲೆಕೆಳಗಾಗಿತ್ತು.

ಗಾಬರಿಯ ಲಕ್ಷಣಗಳೂ ಇವೇ: ಬೆವರು, ನಡುಕ, ಎದೆಬಡಿತ, ಗಂಟಲೊಣಗುವುದು. ಹಾಗಾಗಿ ಕ್ರಮ ಒಂದೇ. ನೆರಳಿನಲ್ಲಿ ಕುಳಿತುಕೊಳ್ಳಿ, ಕೈ ತೊಳೆದು ಅಳೆಯಿರಿ. 70ಕ್ಕಿಂತ ಕಡಿಮೆಯಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನೋ, ಮೂರು ನಾಲ್ಕು ಟೀ ಚಮಚ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ, ದಾಟಿದರೆ ಸ್ವಲ್ಪ ಊಟ ಮಾಡಿ. ಸಕ್ಕರೆ ಹೆಚ್ಚಿದ್ದರೆ ಸಿಹಿಯಿಲ್ಲದ ನೀರು ಕುಡಿಯುತ್ತ ತಂಪಿನಲ್ಲಿ ವಿಶ್ರಾಂತಿ ಪಡೆದು, ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಬೇಕು. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ಲೋ ಶುಗರ್ ಎಂದೇ ಭಾವಿಸಿ ಸಕ್ಕರೆ ತೆಗೆದುಕೊಳ್ಳಿ. ಒಂದು ಹೊತ್ತು ಸಕ್ಕರೆ ಏರಿದ್ದನ್ನು ಆಮೇಲೆ ಸರಿಪಡಿಸಬಹುದು, ಕುಸಿದು ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ.

ರಕ್ತದೊತ್ತಡಕ್ಕೋ ಹೃದಯಕ್ಕೋ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಬಗೆಯ ಮಾತ್ರೆ ನುಂಗುವವರಲ್ಲಿ ನಡುಕ ಮತ್ತು ಎದೆಬಡಿತ ಮರೆಯಾಗಿ ಬೆವರೊಂದೇ ಉಳಿಯಬಹುದು. ಬಿಸಿಲೂರಿನಲ್ಲಿ ಬೆವರನ್ನು ಯಾರೂ ಗಮನಿಸುವುದಿಲ್ಲ. ಅಂಥವರು ಇನ್ನೂ ಹೆಚ್ಚು ಸಲ ಅಳೆದು ನೋಡುವುದು ಒಳ್ಳೆಯದು.

ಇನ್ಸುಲಿನ್ ಅನ್ನು ಹೇಗೆ ಒಯ್ಯಬೇಕು?

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಬಳಸಲು ಆರಂಭಿಸಿದ ಬಾಟಲಿ ಅಥವಾ ಪೆನ್ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯೊಳಗಿದ್ದರೆ ಸುಮಾರು ನಾಲ್ಕು ವಾರ ಕೆಲಸ ಮಾಡುತ್ತದೆ. ಕಂಪನಿಯಿಂದ ಕಂಪನಿಗೆ ತುಸು ವ್ಯತ್ಯಾಸವಿರುವುದರಿಂದ ಪೆಟ್ಟಿಗೆಯೊಳಗಿನ ಕಾಗದವನ್ನು ಓದಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್, ಬಸ್ಸಿನ ಡಿಕ್ಕಿ, ಸ್ಕೂಟರಿನ ಸೀಟಿನಡಿಯ ಪೆಟ್ಟಿಗೆ ಇವುಗಳಲ್ಲಿ ಇಡಲೇಬಾರದು.

ಮಂಜುಗಡ್ಡೆಗೆ ತಾಗಿಸಿ ಒಯ್ಯುವುದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ಬಿಸಿಲು ಇನ್ಸುಲಿನ್‌ನ ಶಕ್ತಿಯನ್ನು ಮೆಲ್ಲಗೆ ಕುಗ್ಗಿಸುತ್ತದೆ, ಆದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬಾರದು. ಥರ್ಮಾಸಿನಲ್ಲಿ ಒಯ್ಯುವುದಾದರೆ ಐಸ್ ಪ್ಯಾಕಿಗೂ ಇನ್ಸುಲಿನ್‌ಗೂ ನಡುವೆ ಒಂದು ದಪ್ಪ ಟವೆಲ್ ಮಡಿಕೆಯಿರಲಿ. ಹೋಟೆಲಿನ ಸಣ್ಣ ಫ್ರಿಜ್ಜಿನಲ್ಲಿ ಫ್ರೀಜರಿಗೆ ಅಂಟಿದಂತೆ ಇಡಬೇಡಿ. ಕೆಲವು ಹೋಟೆಲುಗಳಲ್ಲಿ ಬಾಗಿಲ ಕಾರ್ಡು ತೆಗೆದೊಡನೆ ಕೋಣೆಯ ವಿದ್ಯುತ್ತಿನೊಂದಿಗೆ ಫ್ರಿಜ್ಜೂ ನಿಂತುಹೋಗುತ್ತದೆಯಾದ್ದರಿಂದ ಅದನ್ನೂ ಕೇಳಿ ತಿಳಿದುಕೊಳ್ಳಿ.

ಫ್ರಿಜ್ಜಿಲ್ಲದ ಕಡೆ ಮಣ್ಣಿನ ಮಡಕೆ ಸಾಕು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆಯಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ಸುಲಿನ್ ಅನ್ನು ಒಳಗಿಟ್ಟು ಒದ್ದೆ ಬಟ್ಟೆ ಮುಚ್ಚಬೇಕು. ನೀರು ಆವಿಯಾಗುತ್ತ ಒಳಗನ್ನು ತಂಪು ಮಾಡುತ್ತದೆ. ಪೇಟೆಯಲ್ಲಿ ಸಿಗುವ, ನೀರಿನಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳ ತತ್ವವೂ ಇದೇ. ಆದರೆ ಇವು ಒಣ ಹವೆಯಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ರಾಯಚೂರಿನಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗುವುದಕ್ಕೂ ಮಂಗಳೂರಿನಲ್ಲಿ ಅದೇ ಹೂಜಿ ಸೋಲುವುದಕ್ಕೂ ಇರುವ ಕಾರಣವೇ ಇಲ್ಲೂ ಅನ್ವಯಿಸುತ್ತದೆ. ಕರಾವಳಿಗೆ ಹೋಗುವವರು ಫ್ರಿಜ್ಜನ್ನೇ ನೆಚ್ಚಿಕೊಳ್ಳಿ. ನಮ್ಮ ಮೈಗೂ ಇದೇ ಲೆಕ್ಕ: ಉಡುಪಿಯ 34 ಡಿಗ್ರಿಯಲ್ಲಿ ಬೆವರು ಆರದೆ ಮೈ ತಣಿಯುವುದಿಲ್ಲವಾದ್ದರಿಂದ, ಅಂಕಿ ನೋಡಿ ಕರಾವಳಿಯ ಸೆಕೆಯನ್ನು ಹಗುರವಾಗಿ ಎಣಿಸಬಾರದು.

ಒಂದು ದಿನ ಇನ್ಸುಲಿನ್ ಫ್ರಿಜ್ಜಿನ ಹೊರಗೆ ಉಳಿದುಬಿಟ್ಟಿತು. ಎಸೆಯಬೇಕೇ?

ಮನೆಯೊಳಗೆ, ನೆರಳಿನಲ್ಲಿ ಉಳಿದಿದ್ದರೆ ಅಷ್ಟಕ್ಕೇ ಎಸೆಯಬೇಕಾಗಿಲ್ಲ. ಕೆನ್ಯಾದ ನಿರಾಶ್ರಿತರ ಶಿಬಿರವೊಂದರ ತಾಪಮಾನವನ್ನು ಆಧರಿಸಿ ಜಿನೀವಾ ವಿಶ್ವವಿದ್ಯಾಲಯದವರೂ ಗಡಿಗಳಿಲ್ಲದ ವೈದ್ಯರ ಸಂಸ್ಥೆಯವರೂ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಶಕ್ತಿಯನ್ನು ಬಹುತೇಕ ಉಳಿಸಿಕೊಂಡಿತ್ತು. ಇದನ್ನು ಅಸಡ್ಡೆಗೆ ಪರವಾನಗಿ ಎಂದುಕೊಳ್ಳದೆ, ರಾತ್ರಿಯಿಡೀ ಕರೆಂಟಿಲ್ಲದೆ ಹೋದಾಗ ನಿದ್ದೆಗೆಡಬೇಕಾಗಿಲ್ಲ ಎಂಬ ಧೈರ್ಯಕ್ಕಾಗಿ ನೆನಪಿಟ್ಟುಕೊಳ್ಳಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಹಾಲಿನ ಬಣ್ಣದ್ದು ಅಂಗೈಗಳ ನಡುವೆ ಹೊರಳಿಸಿದ ಮೇಲೂ ಗಂಟುಗಂಟಾಗಿ ಗಾಜಿಗೆ ಅಂಟಿದ್ದರೆ ಬಳಸಬೇಡಿ. ನೋಡಲು ಸರಿಯಿದ್ದೂ ಕಾರಣವಿಲ್ಲದೆ ಸಕ್ಕರೆ ಏರುತ್ತಲೇ ಹೋದರೆ ಹೊಸ ಬಾಟಲಿ ತೆರೆಯಿರಿ.

ನಾನು ಮಾತ್ರೆಯನ್ನಷ್ಟೇ ನುಂಗುವವನು. ನನಗೂ ಇಷ್ಟೆಲ್ಲ ಎಚ್ಚರಿಕೆ ಬೇಕೇ?

ಬೇಕು, ಅದು ಯಾವ ಮಾತ್ರೆ ಎಂಬುದರ ಮೇಲೆ ಹೋಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿಯುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಕುಸಿಯುವುದು ಅಪರೂಪ.

ಇತ್ತೀಚೆಗೆ ಬಹಳ ಜನರಿಗೆ ಬರೆದುಕೊಡುತ್ತಿರುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ವಿಷಯದಲ್ಲಿ ಬೇರೆಯೇ ಎಚ್ಚರಿಕೆ ಬೇಕು. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ, ಜೊತೆಯಲ್ಲಿ ನೀರೂ ಹೋಗುತ್ತದೆ. ವಾಂತಿ ಭೇದಿಯಾಗಿ ಏನೂ ಒಳಗೆ ನಿಲ್ಲದ ಸ್ಥಿತಿಯಲ್ಲಿ ಇವನ್ನು ಮುಂದುವರಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಅಪಾಯ ಒದಗಬಹುದು. ಆಗ ಮೀಟರಿನ ಅಂಕಿ ಅಷ್ಟೇನೂ ಹೆಚ್ಚಿರದೆಯೂ ಇರಬಹುದು ಎಂಬುದು ಇದರ ಮೋಸ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು ಇವನ್ನೂ ದೇಹ ತೀರ ಒಣಗಿದಾಗ ಕೆಲವು ದಿನ ನಿಲ್ಲಿಸಲು ವೈದ್ಯರು ಹೇಳುವುದುಂಟು. ಆದ್ದರಿಂದ ಹೊರಡುವ ಮುನ್ನವೇ "ಪ್ರಯಾಣದಲ್ಲಿ ವಾಂತಿ ಭೇದಿ ಆದರೆ ಇವುಗಳಲ್ಲಿ ಯಾವುದನ್ನು ನಿಲ್ಲಿಸಲಿ, ಯಾವುದನ್ನು ಮುಂದುವರಿಸಲಿ?" ಎಂದು ಕೇಳಿ ಚೀಟಿಯ ಹಿಂದೆಯೇ ಬರೆಸಿಕೊಳ್ಳಿ. ಇನ್ಸುಲಿನ್ ಅನ್ನು ಮಾತ್ರ, ಊಟವಿಲ್ಲವೆಂದು ತಾವಾಗಿಯೇ ಪೂರ್ತಿ ನಿಲ್ಲಿಸಬಾರದು. ಟೈಪ್ 1, ಅಂದರೆ ದೇಹವೇ ಇನ್ಸುಲಿನ್ ತಯಾರಿಸದ ಬಗೆಯ ಮಧುಮೇಹ ಇರುವವರಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು.

ದಾಹಕ್ಕೆ ಏನು ಕುಡಿಯಬೇಕು? ಎಳನೀರು, ಓಆರ್‌ಎಸ್, ಕಬ್ಬಿನ ಹಾಲು?

ಮೊದಲ ಆಯ್ಕೆ ನೀರು, ಎರಡನೆಯದು ನೀರು ಮಜ್ಜಿಗೆ. ಮಜ್ಜಿಗೆಗೆ ಉಪ್ಪು ಹಾಕುವಾಗ ರಕ್ತದೊತ್ತಡ ಇರುವವರು ಕೈ ಬಿಗಿಹಿಡಿಯಲಿ. ಎಳನೀರಿನಲ್ಲಿ ಸಕ್ಕರೆ ಇದೆ, ಆದರೆ ಹಣ್ಣಿನ ರಸದಷ್ಟಿಲ್ಲ. ಗಂಜಿ ತಿನ್ನದೆ ದಿನಕ್ಕೆ ಒಂದು ಎಳನೀರಿನಿಂದ ಹೆಚ್ಚಿನವರಿಗೆ ತೊಂದರೆಯಾಗದು. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಕೇಳಿಯೇ ಕುಡಿಯಬೇಕು. ಕಬ್ಬಿನ ಹಾಲನ್ನು ಲೋ ಶುಗರ್ ಆದಾಗ ಔಷಧಿಯಂತೆ ಕುಡಿಯಬಹುದೇ ಹೊರತು ದಾಹಕ್ಕಲ್ಲ.

ಓಆರ್‌ಎಸ್‌ನಲ್ಲಿ ಸಕ್ಕರೆಯಿದೆಯೆಂದು ವಾಂತಿ ಭೇದಿಯಾದಾಗಲೂ ಬಿಡುವವರನ್ನು ಕಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನು ಒಂದು ಲೀಟರಿಗೆ ಕದಡಿದರೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ, ಅಂದರೆ 200 ಮಿ.ಲೀ. ಲೋಟಕ್ಕೆ ಮೂರು ಗ್ರಾಂ ಕೂಡ ಇಲ್ಲ. ಅಗತ್ಯ ಬಿದ್ದಾಗ ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಅದೇ ಹೆಸರು ಹೊತ್ತು ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳಿಗೆ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಆದರೂ ಹೆಸರಿನ ಬದಲು ಹಿಂಬದಿಯ ಅಂಕಿಗಳನ್ನು ಓದಿ ಕೊಳ್ಳುವ ಅಭ್ಯಾಸ ಒಳ್ಳೆಯದು.

ಹೆಣ್ಣುಮಕ್ಕಳಿಗೆ ಒಂದು ಮಾತು. ದಾರಿಯಲ್ಲಿ ಚೊಕ್ಕಟ ಶೌಚಾಲಯ ಸಿಗುವುದಿಲ್ಲವೆಂದು ಬಸ್ಸು ಹತ್ತುವ ದಿನ ನೀರು ಬಿಡುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಶುಗರ್ ಇರುವವರಲ್ಲಿ ಮೂತ್ರದ ಸೋಂಕು ಮೊದಲೇ ಹೆಚ್ಚು. ಊಟಕ್ಕೆ ನಿಲ್ಲಿಸುವ ಹೋಟೆಲ್ಲು ಎಂಥದ್ದೆಂದು ವಿಚಾರಿಸಿಕೊಂಡೋ, ಸಾಧ್ಯವಾದರೆ ರೈಲು ಹಿಡಿದೋ ಹೋಗಿ. ನೀರು ಬಿಡಬೇಡಿ.

ಬಿಸಿಲಿನಲ್ಲಿ ಮೀಟರ್ ಹೇಳಿದ್ದನ್ನು ನಂಬಬಹುದೇ?

ಸಾಮಾನ್ಯವಾಗಿ ಮೀಟರುಗಳು 40 ಡಿಗ್ರಿಯವರೆಗೆ ಕೆಲಸ ಮಾಡುತ್ತವೆ, ಸ್ಟ್ರಿಪ್ಪುಗಳನ್ನು 30 ಡಿಗ್ರಿಯೊಳಗೆ ಇಡಬೇಕು. ಬಿಸಿಲಿಗೆ ಕಾದ ಚೀಲದಿಂದ ತೆಗೆದಿದ್ದರೆ ಹತ್ತಿಪ್ಪತ್ತು ನಿಮಿಷ ನೆರಳಿನಲ್ಲಿಟ್ಟು ಬಳಸಿ. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ತಕ್ಷಣ ಮುಚ್ಚಿ. ಮೀಟರಿಗಿಂತ ಹೆಚ್ಚು ಮೋಸ ಮಾಡುವುದು ಬೆರಳು. ಮಾವಿನಹಣ್ಣು ಸುಲಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಚುಚ್ಚಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿಯೇ ಹೇಳುತ್ತದೆ. ಸೋಪು ಹಚ್ಚಿ ತೊಳೆದು ಪೂರ್ತಿ ಒರೆಸಿದ ಮೇಲೆಯೇ ಚುಚ್ಚಿ. ತೋಳಿಗೆ ಸೆನ್ಸರ್ ಅಂಟಿಸಿಕೊಂಡವರು ಬೆವರಿಗೆ ಅದು ಕಿತ್ತುಬಂದೀತೆಂದು ಮೇಲೊಂದು ಪಟ್ಟಿ ಹಾಕಿಕೊಂಡಿರಿ.

ದೇವಸ್ಥಾನಗಳಲ್ಲಿ ಬರಿಗಾಲಿನಲ್ಲಿ ನಡೆಯಬಹುದೇ?

ನಡುಮಧ್ಯಾಹ್ನ ಬೇಡ. ಬಹಳ ವರ್ಷ ಶುಗರ್ ಇರುವವರ ಪಾದಕ್ಕೆ ಸುಡುವುದು ಗೊತ್ತಾಗದೆ ಹೋಗಬಹುದು. ಕಾದ ಚಪ್ಪಡಿಯ ಮೇಲೆ ಪಕ್ಕದವರು ಕುಣಿಯುತ್ತ ಓಡುವಾಗ ನೀವು ನಿಧಾನವಾಗಿ ನಡೆಯುತ್ತಿದ್ದೀರೆಂದರೆ ಅದು ಭಕ್ತಿಯ ಬಲವೆಂದು ಹಿಗ್ಗದೆ ಪಾದ ತೋರಿಸಿಕೊಳ್ಳಿ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಏರಬೇಕು. ಅಲ್ಲಿಗೆ ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಬೆಳಗ್ಗೆ ಬೇಗ ಹತ್ತಿ, ಬಂಡೆ ಕಾಯುವ ಮುನ್ನ ಇಳಿದುಬಿಡಿ. ಹಂಪಿಯಂಥ ಕಡೆಗಳಲ್ಲೂ ಹನ್ನೊಂದರಿಂದ ನಾಲ್ಕರವರೆಗೆ ಕೋಣೆ ಬಿಟ್ಟು ಹೊರಡಬೇಡಿ. ರಾತ್ರಿ ಮಲಗುವ ಮುನ್ನ ಪಾದದಡಿಯನ್ನೂ ಬೆರಳ ಸಂದುಗಳನ್ನೂ ನೋಡಿ. ಬಗ್ಗಲು ಆಗದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬಹುದು. ಬೊಬ್ಬೆ ಎದ್ದಿದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.

ದುಬೈಗೆ ಮಕ್ಕಳ ಮನೆಗೆ ಹೋಗುವಾಗ ಬೇರೆ ಏನು ನೋಡಿಕೊಳ್ಳಬೇಕು?

ಇನ್ಸುಲಿನ್, ಮೀಟರ್, ಮಾತ್ರೆ ಎಲ್ಲವೂ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹಾಕಿದ ಸೂಟ್‌ಕೇಸು ಕಳೆದುಹೋಗಬಹುದು, ಅಲ್ಲಿನ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಲೂಬಹುದು. ಬೇಕಾದುದರ ಎರಡರಷ್ಟನ್ನು ಎರಡು ಚೀಲಗಳಲ್ಲಿ ಹಂಚಿಕೊಂಡು ಒಯ್ಯಿರಿ. ಸಮಯದ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ ಆದ್ದರಿಂದ ಇನ್ಸುಲಿನ್ ಹೊತ್ತು ಹೊಂದಿಸುವುದು ಕಷ್ಟವಲ್ಲ.

ಕಾಲುರಿಗೆ ನಮ್ಮಲ್ಲಿ ಸರ್ವೇಸಾಮಾನ್ಯವಾಗಿ ಕೊಡುವ ಪ್ರೀಗ್ಯಾಬಲಿನ್ ಆ ದೇಶದಲ್ಲಿ ನಿಯಂತ್ರಿತ ಔಷಧ, ಟ್ರಮಡಾಲ್ ಕೂಡ ಹಾಗೆಯೇ. ಇವನ್ನು ಒಯ್ಯುವವರು ಅಲ್ಲಿನ ಸರ್ಕಾರದಿಂದ ಮುಂಗಡ ಅನುಮತಿ ಪಡೆಯಬೇಕು. ಮಕ್ಕಳಿಗೆ ಹೇಳಿ ಆನ್‌ಲೈನ್ ಅರ್ಜಿ ಹಾಕಿಸಿ.

ಇನ್ನೊಂದು ಅಪಾಯ ಸಿರಿಂಜಿನದು. ಭಾರತದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿ ಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಹೊರದೇಶಗಳಲ್ಲಿ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಇಲ್ಲಿನ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಅನ್ನು 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 50 ಯೂನಿಟ್. ಔಷಧ ಮುಗಿದು ಅಲ್ಲಿ ಕೊಳ್ಳಬೇಕಾಗಿ ಬಂದರೆ ಸಿರಿಂಜನ್ನೂ ಅಲ್ಲಿಯದೇ ಕೊಳ್ಳಿ.

ಅಲ್ಲಿನ ಬಿಸಿಲಿಗಿಂತ ಏಸಿ ನನ್ನನ್ನು ಹೆಚ್ಚು ಕಾಡಿತು. ಮಾಲಿನ ತಂಪಿನಲ್ಲಿ ದಾಹವೇ ಆಗದೆ ಎರಡು ಮೂರು ಗಂಟೆ ನೀರು ಕುಡಿಯದೆ ಸುತ್ತಿ ಹೊರಬಂದೊಡನೆ ತಲೆ ತಿರುಗುತ್ತಿತ್ತು. ಈಗ ಗಡಿಯಾರ ನೋಡಿ ಕುಡಿಯುತ್ತೇನೆ.

ಊರು ಬಿಟ್ಟರೆ ಏನಾಗುವುದೋ ಎಂಬ ಭಯಕ್ಕೆ ನಿದ್ದೆಯೇ ಬರುವುದಿಲ್ಲ. ರಾತ್ರಿ ನಾಲ್ಕು ಸಲ ಚುಚ್ಚಿ ನೋಡುತ್ತೇನೆ. ಇದು ಸರಿಯೇ?

ಭಯ ಸಹಜ, ಒಮ್ಮೆ ಲೋ ಶುಗರ್ ಕಂಡವರಿಗಂತೂ ಇನ್ನೂ ಸಹಜ. ಆದರೆ ಅಳೆಯುವುದಕ್ಕೂ ಒಂದು ಹದವಿದೆ. ಪ್ರಯಾಣದ ದಿನಗಳಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ನಾನು ಪ್ರತಿ ಊಟದ ಮುನ್ನ, ಮಲಗುವ ಮುನ್ನ ಮತ್ತು ಲಕ್ಷಣ ಕಂಡಾಗ ಅಳೆಯುತ್ತೇನೆ. ಹಗಲು ಬಹಳ ನಡೆದಿದ್ದರೆ ಮಾತ್ರ ನಡುರಾತ್ರಿ ಒಮ್ಮೆ ನೋಡುತ್ತೇನೆ, ಏಕೆಂದರೆ ನಡಿಗೆಯ ಪರಿಣಾಮ ಎಷ್ಟೋ ಗಂಟೆಗಳ ನಂತರವೂ ಸಕ್ಕರೆಯನ್ನು ಇಳಿಸಬಲ್ಲದು. ಅದಕ್ಕಿಂತ ಹೆಚ್ಚು ಚುಚ್ಚಿದಾಗ ಹೊಸದೇನೂ ತಿಳಿಯುವುದಿಲ್ಲ. 140 ಇದ್ದದ್ದು 152 ಆದರೆ ಅದು ಮೀಟರಿನ ಸಹಜ ಏರುಪೇರಿನೊಳಗಿನದೇ, ಅದರ ಮೇಲೆ ಯೋಚನೆ ಹಚ್ಚಿಕೊಂಡರೆ ಬೆಳಗಾಗುತ್ತದೆ. ಲೋ ಶುಗರ್ ಭಯಕ್ಕೆ ಬೇಕೆಂದೇ ಇನ್ಸುಲಿನ್ ಕಡಿಮೆ ಚುಚ್ಚಿಕೊಳ್ಳುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಮನೆಯಲ್ಲಿದ್ದಾಗಲೂ ಈ ಆತಂಕ ಬಿಡದೆ ಊಟ ನಿದ್ದೆ ಕೆಡಿಸುತ್ತಿದ್ದರೆ ಅದಕ್ಕೂ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮೈ ಕೆಂಡದಂತೆ ಸುಡುತ್ತ ಮಾತು ಅಸಂಬದ್ಧವಾದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಸಾಗಿಸಿ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಬೇಕು, ಹಾಗೆಯೇ ಸಕ್ಕರೆಯನ್ನೂ ಅಳೆಯಬೇಕು. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವಿನೊಂದಿಗೆ ಉಸಿರು ವೇಗವಾದರೆ, 300ರ ಮೇಲಿನ ಸಕ್ಕರೆ ನೀರು ಕುಡಿದರೂ ಔಷಧ ತೆಗೆದುಕೊಂಡರೂ ಇಳಿಯದಿದ್ದರೆ, ಎರಡು ಸಲ ಸಕ್ಕರೆ ಕುಡಿದರೂ ಲೋ ಶುಗರ್ ಏಳದಿದ್ದರೆ, ಎದೆ ಹಿಡಿದಂತಾದರೆ ಕಾಯಬೇಡಿ.

ಜೊತೆಗೆ ಬರುವವರಿಗೆ ಏನು ಹೇಳಿಕೊಟ್ಟಿರಬೇಕು?

ಮೀಟರ್ ಬಳಸುವುದನ್ನು ಮತ್ತು ಗ್ಲೂಕೋಸ್ ಎಲ್ಲಿದೆ ಎಂಬುದನ್ನು. ಎಚ್ಚರವಿಲ್ಲದವರ ಬಾಯಿಗೆ ನೀರನ್ನಾಗಲಿ ಶರಬತ್ತನ್ನಾಗಲಿ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರನ್ನು ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು. ಚಾಕೊಲೇಟ್ ಇಟ್ಟುಕೊಳ್ಳುವುದು ಬೇಡ: ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ, ಕಲಬುರಗಿಯ ಮೇ ತಿಂಗಳಲ್ಲಿ ಅದು ಚೀಲದೊಳಗೆ ಸಾರಾಗಿರುತ್ತದೆ. ನನ್ನ ಹೆಂಡತಿ ಗ್ಲೂಕೋಸ್ ಪುಡಿಯನ್ನು ಮೂರು ಚಮಚದ ಲೆಕ್ಕದಲ್ಲಿ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ತನ್ನ ಪರ್ಸಿನಲ್ಲಿ ಎರಡು, ನನ್ನ ಅಂಗಿಯ ಜೇಬಿನಲ್ಲಿ ಎರಡು, ನೀರಿನ ಬಾಟಲಿಗೆ ರಬ್ಬರ್ ಬ್ಯಾಂಡಿನಿಂದ ಒಂದು ಸಿಕ್ಕಿಸಿರುತ್ತಾಳೆ. ಹೊರಡುವಾಗ ಬಾಗಿಲ ಬೀಗ ಎಳೆದು ನೋಡಿದ ಮೇಲೆ ನನ್ನ ಜೇಬನ್ನೂ ಒಮ್ಮೆ ತಟ್ಟಿ ನೋಡುತ್ತಾಳೆ.